ಜೀಬ್ರಾ ಬರೆದರೆ ಊಟ, ಊರು ಬರೆದರೆ?

ಜುಲೈ ಬಂತೆಂದರೆ ಬೆಂಗಳೂರಿನ ಉದ್ದ ಲೆನ್ಸಿನ ಮಂದಿ ಪೂರ್ವ ಆಫ್ರಿಕಾದತ್ತ ಮುಖ ಮಾಡುತ್ತಾರೆ. ವಿಲ್ಡಬೀಸ್ಟ್ ಹಿಂಡು ಮಾರಾ ನದಿ ದಾಟುವ ಕಾಲ ಅದು. ಕೆಲವರು ಕೀನ್ಯಾದ ದಡದಿಂದ ನೋಡುತ್ತಾರೆ, ಕೆಲವರು ತಾಂಜಾನಿಯಾದ ಸೆರೆಂಗೆಟಿಯಿಂದ. ಮರಳಿ ಬಂದ ಮೇಲೆ ತಿಂಗಳುಗಟ್ಟಲೆ ಫೇಸ್‌ಬುಕ್ಕಿನಲ್ಲಿ ಸಿಂಹ, ಚೀತಾ, ಬಾಯ್ದೆರೆದ ಮೊಸಳೆ. ಚಿತ್ರದ ಕೆಳಗೆ ಗೈಡಿನ ಹೆಸರೂ ಒಮ್ಮೊಮ್ಮೆ ಇರುತ್ತದೆ. ಅವನು ಸಿಂಹ ಹುಡುಕಿಕೊಟ್ಟವನಲ್ಲವೇ? ಆದರೆ ಅದೇ ಪ್ರವಾಸದಿಂದ ಬಂದು ಹಾಲಿನ ಗೋಡೆ ಏರಿದ ಆ ಗಾಢ ಬಣ್ಣದ ಚೌಕ ಚಿತ್ರವನ್ನು ಬರೆದವರು ಯಾರು ಎಂದು ಕೇಳಿ ನೋಡಿ. ‘ಅಲ್ಲಿನ ಲೋಕಲ್ ಆರ್ಟು’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಆ ಲೋಕಲ್ ಆರ್ಟಿಗೆ ಟಿಂಗಾಟಿಂಗಾ ಎನ್ನುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಎಡ್ವರ್ಡ್ ಸೈದಿ ಟಿಂಗಾಟಿಂಗಾ ಹುಟ್ಟಿದ್ದು 1932ರಲ್ಲಿ, ಈಗಿನ ತಾಂಜಾನಿಯಾದ ದಕ್ಷಿಣ ಸೀಮೆಯಲ್ಲಿ. ಹೊಟ್ಟೆಪಾಡಿಗಾಗಿ ಉತ್ತರದ ಕತ್ತಾಳೆ ತೋಟಗಳಿಗೆ ಹೋಗಿ, ಅಲ್ಲಿಂದ ದಾರ್ ಎಸ್ ಸಲಾಮಿಗೆ ಬಂದು ಬ್ರಿಟಿಷ್ ಅಧಿಕಾರಿಯ ಮನೆಯಲ್ಲಿ ಆಳಾಗಿದ್ದವನು. 1968ರ ಹೊತ್ತಿಗೆ ಚಿತ್ರ ಬರೆಯಲು ಕೂತ. ಕ್ಯಾನ್‌ವಾಸಿಗೆ ಕಾಸಿಲ್ಲ. ಮನೆ ಕಟ್ಟುವವರು ಸೀಲಿಂಗಿಗೆ ಬಡಿಯುವ ಹಲಗೆಯನ್ನು ಎರಡಡಿ ಚೌಕಕ್ಕೆ ಕೊಯ್ದುಕೊಂಡ. ಸೈಕಲ್ಲಿಗೆ ಬಳಿಯುವ ಎನಾಮೆಲ್ ಬಣ್ಣ ತಂದ. ಒಂದು ಪ್ರಾಣಿ, ಒಂದು ಹಕ್ಕಿ, ಹಿಂದೆ ಬರೀ ಬಣ್ಣ. ವಿದೇಶಿಯರು ತರಕಾರಿ, ದಿನಸಿಗೆ ಬರುತ್ತಿದ್ದ ಓಯ್ಸ್ಟರ್ ಬೇ ಬಡಾವಣೆಯ ಅಂಗಡಿಯೊಂದರ ಹೊರಗೆ ಅವನ ಹೆಂಡತಿ ಅವನ್ನು ಮಾರುತ್ತಿದ್ದಳು. 1972ರಲ್ಲಿ ಪೊಲೀಸರು ಯಾರೋ ಕಳ್ಳನೆಂದು ತಪ್ಪು ತಿಳಿದು ಅವನಿಗೆ ಗುಂಡು ಹಾರಿಸಿದರು. ಚಿತ್ರಕಾರನಾಗಿ ಅವನು ಬದುಕಿದ್ದು ಹೆಚ್ಚೆಂದರೆ ನಾಲ್ಕು ವರ್ಷ. ಜೊತೆಗೆ ಕೂತು ಕಲಿತಿದ್ದ ಬಂಧುಬಳಗದ ಹುಡುಗರು ಬಿಡದೆ ಬರೆದರು, ಅವರಿಂದ ಕಲಿತವರು ಬರೆದರು. 1990ರಲ್ಲಿ ಅವರದೇ ಒಂದು ಸಹಕಾರ ಸಂಘವೂ ಆಯಿತು.

ಕಲಾವಿಮರ್ಶಕರಿಗೆ ಇಂಥದ್ದನ್ನು ಕಂಡರೆ ಮೂಗು ಮುರಿಯುವ ಚಾಳಿ. ‘ಏರ್‌ಪೋರ್ಟ್ ಕಲೆ’ ಎಂದುಬಿಡುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಗಿರಾಕಿಯಿಲ್ಲದೆ ಯಾವ ಕಲೆ ಬೆಳೆದಿದೆ? ಮೈಸೂರಿನ ಬೀಟೆ ಮರದ ಕೆತ್ತನೆಗೆ ಅರಮನೆ ಬೇಕಾಗಿತ್ತು. ಅಂದಹಾಗೆ ತಾಂಜಾನಿಯಾದ ಮಕೊಂಡೆ ಜನ ಕೆತ್ತುವ ಎಂಪಿಂಗೊ ಎಂಬ ಕಪ್ಪು ಮರ ನಮ್ಮ ಬೀಟೆಯ ಹತ್ತಿರದ ನೆಂಟನೇ. ಸಸ್ಯಶಾಸ್ತ್ರದಲ್ಲಿ ಎರಡೂ ಡಾಲ್ಬರ್ಜಿಯಾ ಕುಲದವು. ಮೊಜಾಂಬಿಕ್ ಕಡೆಯಿಂದ ಕತ್ತಾಳೆ ತೋಟದ ಕೂಲಿಗೆಂದು ಬಂದ ಮಕೊಂಡೆಯವರ ಭೂತದಂಥ, ಸೊಟ್ಟಮೋರೆಯ ಶಿಲ್ಪಗಳು ಜಗತ್ತಿಗೆ ಗೊತ್ತಾಗುವುದರ ಹಿಂದೆ ದಾರ್ ಎಸ್ ಸಲಾಮಿನ ಒಬ್ಬ ಭಾರತ ಮೂಲದ ವ್ಯಾಪಾರಿಯ ಕೈಯಿದೆ. ಮೊಹಮ್ಮದ್ ಪೀರಾ ಎಂದು ಅವನ ಹೆಸರು. ಶಿಲ್ಪಿಯೊಬ್ಬನ ಗೊಂಬೆಯ ತೋಳು ಮುರಿದು ವಿಕಾರವಾದಾಗ ಪೀರಾ ಅದನ್ನೇ ಮೆಚ್ಚಿ ಕೊಂಡನೆಂದೂ, ಇಂಥದ್ದೇ ಇನ್ನಷ್ಟು ತಾ ಎಂದನೆಂದೂ ಕಥೆ ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಕೊಳ್ಳುವವನಿಗೆ ಕಣ್ಣಿದ್ದರೆ ಮಾಡುವವನ ಕೈಗೆ ಧೈರ್ಯ ಬರುತ್ತದೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಥೆ ಗೊತ್ತಿಲ್ಲ.

ತೊಂದರೆ ಇರುವುದು ಈಗಿನ ಗಿರಾಕಿಯ ಕಣ್ಣಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಜೀಪಿನಲ್ಲಿ ಜೀಬ್ರಾ ನೋಡಿದವನಿಗೆ ಗೋಡೆಯ ಮೇಲೂ ಜೀಬ್ರಾವೇ ಬೇಕು. ಟಿಂಗಾಟಿಂಗಾ ಪರಂಪರೆಯಲ್ಲೇ ಮೊಹಮ್ಮದ್ ಚರಿಂಡಾ ಎಂಬ ಚಿತ್ರಕಾರ ಜನಪದ ಕಥೆ, ಮಾಟಮಂತ್ರ, ಗುಲಾಮರ ಸಾಗಾಟ, ಹಳ್ಳಿಯ ಜಗಳ ಎಲ್ಲವನ್ನೂ ಬರೆದ. ಆಸ್ಪತ್ರೆಯ ಸಾಲು, ತುಂಬಿದ ಬಸ್ಸು ಬರೆಯುವವರೂ ಇದ್ದಾರೆ. ಆದರೆ ಬಾಡಿಗೆ ಕಟ್ಟಬೇಕಾದ ದಿನ ಕೈ ತಾನಾಗಿ ಜೀಬ್ರಾದ ಕಡೆ ಹೋಗುತ್ತದೆ. ಒಂದೇ ಚಿತ್ರ ನೂರು ಸಲ ನಕಲಾಗಿ, ಬರೆದವನ ಹೆಸರು ಆ ನೂರರಲ್ಲಿ ಎಲ್ಲೋ ಕಳೆದುಹೋಗುತ್ತದೆ.

ಇದೇ ದೇಶದಲ್ಲಿ ಗೈಡಿನ ಪಾಡು ಬೇರೆ. ಅವನಿಗೊಂದು ಏಣಿಯಿದೆ. ಕಿಲಿಮಂಜಾರೋ ತಪ್ಪಲಿನ ಎಂವೆಕಾದಲ್ಲಿ ವನ್ಯಜೀವಿ ನಿರ್ವಹಣೆ ಕಲಿಸುವ ಕಾಲೇಜು ಶುರುವಾದದ್ದು 1963ರಲ್ಲಿ, ಸ್ವಾತಂತ್ರ್ಯ ಬಂದು ಎರಡೇ ವರ್ಷಕ್ಕೆ. ಡ್ರೈವರ್ ಗೈಡ್ ಆಗಲು ಲೈಸೆನ್ಸ್ ಬೇಕು. ಜರ್ಮನ್, ಫ್ರೆಂಚ್, ಸ್ಪಾನಿಷ್ ಬಂದರೆ ಸಂಪಾದನೆ ಮೇಲೇರುತ್ತದೆ. 5,895 ಮೀಟರಿನ ಕಿಲಿಮಂಜಾರೋವನ್ನು ಗೈಡಿಲ್ಲದೆ ಹತ್ತುವಂತೆಯೇ ಇಲ್ಲ. ಹಾಗೆಂದು ಎಲ್ಲರದೂ ಸುಖವೆಂದಲ್ಲ. ಹೊರೆ ಹೊರುವ ಪೋರ್ಟರುಗಳಿಗೆ ಸರಿಯಾದ ಬಟ್ಟೆಯಿಲ್ಲ, ಕೂಲಿಯಿಲ್ಲ, ತೂಕಕ್ಕೆ ಮಿತಿಯಿಲ್ಲ ಎಂಬ ದೂರು ಎಷ್ಟು ಬೆಳೆಯಿತೆಂದರೆ 2003ರಲ್ಲಿ ಅವರ ಪರವಾಗಿಯೇ ಒಂದು ಸಂಸ್ಥೆ ಹುಟ್ಟಿಕೊಂಡಿತು. ಯಾವ ಕಂಪನಿ ನ್ಯಾಯವಾಗಿ ನಡೆಸಿಕೊಳ್ಳುತ್ತದೆಂದು ಅದು ಪಟ್ಟಿ ಮಾಡಿಡುತ್ತದೆ. ಚಾರಣಿಗರು ಆ ಪಟ್ಟಿ ನೋಡಿ ಕಂಪನಿ ಆರಿಸುತ್ತಾರೆ. ಚಿತ್ರಕಾರನ ಪರವಾಗಿ ಇಂಥ ಪಟ್ಟಿ ಹಿಡಿದುಕೊಂಡು ಯಾವ ಪ್ರವಾಸಿಯೂ ಕ್ಯೂರಿಯೊ ಅಂಗಡಿಗೆ ಹೋದದ್ದನ್ನು ನಾನು ಕೇಳಿಲ್ಲ.

ಅದೇ ಪೋರ್ಟರುಗಳು ಬೆಟ್ಟ ಇಳಿದ ಮೇಲೆ ಟಿಪ್ಸ್ ಹಂಚುವ ಮೊದಲು ಕುಣಿಯುತ್ತಾ ಒಂದು ಹಾಡು ಹೇಳುತ್ತಾರೆ, ‘ಜಾಂಬೊ ಬ್ವಾನಾ’. ಪ್ರವಾಸಿಗರು ಅದನ್ನು ಅನಾದಿ ಕಾಲದ ಆಫ್ರಿಕನ್ ಜಾನಪದವೆಂದು ವಿಡಿಯೊ ಮಾಡಿಕೊಳ್ಳುತ್ತಾರೆ. ಅದು ಮೊಂಬಾಸಾದ ಕಡಲ ತೀರದ ಹೋಟೆಲುಗಳಲ್ಲಿ ನುಡಿಸುತ್ತಿದ್ದ ‘ದೆಮ್ ಮಶ್ರೂಮ್ಸ್’ ಎಂಬ ಕೀನ್ಯಾದ ಬ್ಯಾಂಡು ಪ್ರವಾಸಿಗರಿಗೆಂದೇ ಕಟ್ಟಿ 1982ರಲ್ಲಿ ಹೊರತಂದ ಹಾಡು. ಬೋನಿ ಎಂ ತಂಡ ಅದನ್ನು ಯುರೋಪಿಗೆಲ್ಲ ಕೇಳಿಸಿತು. ಕಟ್ಟಿದವರು ಕಣ್ಮುಂದೆ ಇರುವಾಗಲೇ ಹಾಡು ‘ಜಾನಪದ’ವಾಗಿಬಿಟ್ಟರೆ ಕಟ್ಟಿದವರಿಗೆ ಅದು ಹೊಗಳಿಕೆಯೋ ನಷ್ಟವೋ!

ತಾಂಜಾನಿಯಾದ ದ್ವೀಪ ಜಂಜಿಬಾರಿಗೆ ಬಂದರೆ ಇನ್ನೂ ವಿಚಿತ್ರ. ಅಲ್ಲಿ ಕಲಾವಿದರಿಗೆ ಬಹಳ ಮರ್ಯಾದೆ. ಅವರು ಊರು ಬಿಟ್ಟಿರಬೇಕು ಅಷ್ಟೆ. ಪಾರ್ಸಿ ಮನೆತನದಲ್ಲಿ ಅಲ್ಲೇ ಹುಟ್ಟಿ, ಪಂಚಗಣಿಯಲ್ಲಿ ಓದಿ, 1964ರ ಕ್ರಾಂತಿಯ ಹೊತ್ತಿಗೆ ಮನೆಯವರೊಂದಿಗೆ ಹೊರಟುಹೋದ ರಾಕ್ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಹೆಸರಲ್ಲಿ 2019ರಿಂದ ಸ್ಟೋನ್ ಟೌನಿನಲ್ಲಿ ಮ್ಯೂಸಿಯಮ್ ಇದೆ. ಅದೇ ಕ್ರಾಂತಿಯ ಬಳಿಕ ಇಂಗ್ಲೆಂಡಿಗೆ ಹೋದ ಅಬ್ದುಲ್‌ರಜಾಕ್ ಗುರ್ನಾ 2021ರಲ್ಲಿ ನೊಬೆಲ್ ಪಡೆದ ಮೇಲೆ ಎಲ್ಲರೂ ‘ನಮ್ಮವನು’ ಎಂದರು. ಅವರ ಕಾದಂಬರಿ ಸ್ವಾಹಿಲಿಯಲ್ಲಿ ಬಂದದ್ದು ಪ್ರಶಸ್ತಿ ಬಂದ ಮರುವರ್ಷ. ಊರಲ್ಲೇ ಉಳಿದು ಅಲ್ಲಿನ ತಾರಬ್ ಸಂಗೀತ ಹಾಡುವವರ ಕತೆ? 2004ರಿಂದ ಪ್ರತಿ ಫೆಬ್ರವರಿ ಹಳೆಯ ಕೋಟೆಯೊಳಗೆ ‘ಸೌತಿ ಜಾ ಬುಸಾರಾ’ ಸಂಗೀತೋತ್ಸವ ನಡೆಯುತ್ತಿದೆ. ಆ ವಾರ ಹೋಟೆಲುಗಳಿಗೆ ಸುಗ್ಗಿ. ಇಷ್ಟಿದ್ದೂ 2016ರಲ್ಲಿ ಹಣವಿಲ್ಲದೆ ಆ ವರ್ಷದ ಉತ್ಸವವೇ ನಿಂತಿತು. ಸುಗ್ಗಿ ಉಂಡವರ ಗಲ್ಲಾಪೆಟ್ಟಿಗೆ ಆಗ ತೆರೆಯಬೇಕಿತ್ತು ಎಂದರೆ ತಪ್ಪೇ?

ತಾಂಜಾನಿಯಾದ ಸರಕಾರಕ್ಕೆ ಉಪದೇಶ ಮಾಡಲು ನಾವು ಯಾರೂ ಅಲ್ಲ. ಬಾಗಮೊಯೊದಲ್ಲಿ 1981ರಲ್ಲೇ ಕಲಾ ಕಾಲೇಜು ತೆರೆದ ದೇಶ ಅದು. ಕೀನ್ಯಾದ ಗಡಿ 1977ರಿಂದ 1983ರವರೆಗೆ ಮುಚ್ಚಿದ್ದಾಗ ನೈರೋಬಿಯಿಂದ ಬರುತ್ತಿದ್ದ ಪ್ರವಾಸಿಗರನ್ನು ಕಳೆದುಕೊಂಡೂ ತಡೆದುಕೊಂಡಿತು. ಕೊಳ್ಳುವವರ ಬಗ್ಗೆಯಂತೂ ಮಾತಾಡಬಹುದು, ಯಾಕೆಂದರೆ ಆ ಸಾಲಿನಲ್ಲಿ ಈಗ ನಮ್ಮವರೂ ಇದ್ದಾರೆ. ಸೆರೆಂಗೆಟಿಯ ಗೇಟಿನಲ್ಲಿ ದಿನಕ್ಕೆ ಹತ್ತಾರು ಡಾಲರ್ ಶುಲ್ಕ ಕೇಳಿದರೆ ಯಾರೂ ಚೌಕಾಸಿ ಮಾಡುವುದಿಲ್ಲ, ಕಾರ್ಡು ಉಜ್ಜಿ ಒಳಗೆ ಹೋಗುತ್ತಾರೆ. ಕೊನೆಯ ದಿನ ಚಿತ್ರದಂಗಡಿಯಲ್ಲಿ ಮಾತ್ರ ಹೇಳಿದ ಬೆಲೆಯ ಅರ್ಧಕ್ಕೆ ಇಳಿಸುವ ತನಕ ಸಮಾಧಾನವಿಲ್ಲ, ಇಳಿಸಿದ್ದನ್ನು ಊರಿಗೆ ಬಂದು ಹೇಳಿಕೊಳ್ಳುವ ಹೆಮ್ಮೆ ಬೇರೆ. ಹಾಗೆ ಇಳಿಸುತ್ತಾ ನಿಂತವರು ಅಂಗಡಿಯ ಹಿಂದಿನ ಸಾಲನ್ನೂ ಒಮ್ಮೆ ತಿರುವಿ ನೋಡಬೇಕು. ಜೀಬ್ರಾ ಇಲ್ಲದ ಹಲಗೆಗಳನ್ನು ಇಡುವುದು ಅಲ್ಲಿ.