ಸತ್ತವರನ್ನು ಹೋಲಿಸುವ ಮುನ್ನ

ವಾಗದರಿ, ದುಧನಿ, ಅಕ್ಕಲಕೋಟೆಯಲ್ಲಿದ್ದು ಕನ್ನಡದಲ್ಲಿ ಕತೆ ಬರೆಯುವ ತಮ್ಮಂದಿರೇ, ತಂಗಿಯರೇ, 1948ನ್ನು ಬರೆಯಿರಿ. ಬರೆಯುವಾಗ ನಿಮ್ಮ ಉಪಮೆಗಳ ಮೇಲೆ ಮಾತ್ರ ಕಣ್ಣಿಡಿ.

ವಾಗದರಿಯಿಂದ ಆಳಂದದ ದಾರಿ ಹಿಡಿದರೆ ಅಂದು ಹೈದರಾಬಾದಿನ ನಿಜಾಮನ ಸೀಮೆ. ನಿಜಾಮನ ಪರ ಆಯುಧ ಹಿಡಿದ ರಜಾಕಾರರಿಗೆ ಹೆದರಿ ಗಂಟುಮೂಟೆ ಹೊತ್ತ ಜನ ಗಡಿ ದಾಟಿ ಈ ಕಡೆ ಬಂದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದತ್ತ ನುಗ್ಗಿತು. 17ಕ್ಕೆ ನಿಜಾಮ ಸೋಲೊಪ್ಪಿದ. ಆಮೇಲೆ ಸೇಡಿನ ಏಟು ಬಿದ್ದದ್ದು ಮುಸಲ್ಮಾನರ ಓಣಿಗಳ ಮೇಲೆ. ಕಡಿಮೆ ಎಂದರೂ 27ರಿಂದ 40 ಸಾವಿರ ಜನ ಸತ್ತಿರಬೇಕೆಂದು ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಹೆಚ್ಚು ಸಾವು ಕಂಡ ಜಿಲ್ಲೆಗಳಲ್ಲಿ ಕಲಬುರ್ಗಿಯೂ ಇತ್ತು, ಉಸ್ಮಾನಾಬಾದೂ ಇತ್ತು. ಎರಡೂ ನಮ್ಮ ಮಗ್ಗುಲಿನವೇ.

ಇದನ್ನು ಕತೆಯಾಗಿಸುವಾಗ ಕೈಗೆ ಮೊದಲು ಸಿಗುವ ರೂಪಕಗಳು ಅಪಾಯದವು. ಕೊಂದವನನ್ನು ತೋಳ ಎಂದು ಬರೆದಿರೋ, ಅವನು ಸಂತೆಯಲ್ಲಿ ನಿಮ್ಮಜ್ಜನ ಯೋಗಕ್ಷೇಮ ಕೇಳುತ್ತಿದ್ದ ಮನುಷ್ಯನೆಂಬುದು ಅಳಿಸಿಹೋಯಿತು. ಗುಂಪನ್ನು ಬಿರುಗಾಳಿ ಎಂದಿರೋ, ಗಾಳಿಯನ್ನು ಯಾರೂ ಕಟಕಟೆಗೆ ಹತ್ತಿಸುವುದಿಲ್ಲ. ಸತ್ತವರು ತರಗೆಲೆಯಾದರೆ ಅವರ ಹೆಸರು ಕೇಳುವವರೂ ಇಲ್ಲ. ಇಂಥ ಹೋಲಿಕೆಯನ್ನು ಓದಿ ಬೆಳೆದ ಹುಡುಗ ನಾಳೆ ನೆರೆಯವನಲ್ಲಿ ತೋಳವನ್ನೇ ಕಾಣುತ್ತಾನೆ.

ರನ್ನನನ್ನು ಮತ್ತೆ ತೆರೆಯಿರಿ. ನೆತ್ತರ ಹೊಳೆಯನ್ನು ಅವನೂ ಹರಿಸಿದ್ದಾನೆ, ಅದು ಕಾವ್ಯದ ರೂಢಿ. ಗದಾಯುದ್ಧದಲ್ಲಿ ಎದೆ ಹಿಂಡುವ ಜಾಗ ಬೇರೆ. ಸಂಜಯನ ಜೊತೆ ಹೆಣಗಳ ನಡುವೆ ನಡೆದ ದುರ್ಯೋಧನ ಮಗ ಲಕ್ಷಣನ ಮುಂದೆ ನಿಲ್ಲುತ್ತಾನೆ. ಮಗ ಅಪ್ಪನಿಗೆ ಬಿಡಬೇಕಾದ ನೀರನ್ನು ಅಪ್ಪ ಮಗನಿಗೆ ಬಿಡಬೇಕಾಗಿದೆ. ಅಲ್ಲಿ ಸಿಂಹವಿಲ್ಲ, ಸಿಡಿಲಿಲ್ಲ. ಕ್ರಮ ತಪ್ಪಿದ ಒಂದು ಬೊಗಸೆ ನೀರು ಇಡೀ ಯುದ್ಧವನ್ನು ಹೇಳಿಬಿಡುತ್ತದೆ. ಹಗೆಯ ಮಗ ಅಭಿಮನ್ಯುವಿನ ಎದುರು ಅದೇ ದುರ್ಯೋಧನ ಕೈಮುಗಿದು ಅಂಥ ಸಾವನ್ನು ಬೇಡುತ್ತಾನೆ. ಸಾವಿರ ವರ್ಷದ ಹಿಂದೆ, ಚಾಲುಕ್ಯರ ಆಸ್ಥಾನದಲ್ಲಿದ್ದ ಕವಿಗೆ ಹಗೆಯ ಹೆಣವೂ ಮನುಷ್ಯನದಾಗಿ ಕಂಡಿತ್ತು. ನಮಗೇಕೆ ಕಾಣಬಾರದು? ಉರ್ದು ಕತೆಗಾರ ಮಂಟೊ ದೇಶ ಒಡೆದುದನ್ನು ಹೇಳಲು ಎರಡು ಗಡಿಗಳ ನಡುವಿನ ತುಂಡು ನೆಲದ ಮೇಲೆ ಒಬ್ಬ ಹುಚ್ಚನನ್ನು ಬೀಳಿಸಿದ. ಗಡಿಯವರಾದ ನಮಗೆ ಆ ನೆಲವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ರೂಪಕ ನಿಮ್ಮ ಎರೆಹೊಲದಲ್ಲೇ ಇದೆ. ಸೆಪ್ಟೆಂಬರ್ ಎಂದರೆ ಹಿಂಗಾರಿ ಜೋಳಕ್ಕೆ ಹದ ನೋಡುವ ಕಾಲ. ಆ ವರ್ಷ ಯಾರ ಹೊಲ ಬಿತ್ತದೆ ಉಳಿಯಿತು? ಯಾರ ಹೊಲವನ್ನು ಯಾರು ಬಿತ್ತಿಕೊಂಡರು? ನವೆಂಬರಿನಲ್ಲಿ ಮೊಹರಂ ಬಂತು. ಅಲಾಯಿ ಕುಣಿಗೆ ಕಟ್ಟಿಗೆ ಹೊತ್ತವರು ಯಾರು? ಪೀರ ಹಿಡಿಯುವ ಕೈ ಕೊಲೆ ನಡೆದ ಊರುಗಳಲ್ಲಿ ಉಳಿದಿತ್ತೇ?

ಹೋಗಿ ಕೇಳಿ. ಎರಡೂ ಓಣಿಗಳಲ್ಲಿ ಕೇಳಿ, ಗಡಿಯ ಎರಡೂ ಬದಿಗೆ ಕೇಳಿ. ಅಂದು ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹತ್ತಿರ ಇದ್ದಾರೆ. ಅವರು ಹೇಳಿದ್ದಕ್ಕೆ ನಿಮ್ಮ ಉಪಮೆ ತೊಡಿಸಬೇಡಿ. ಅವರ ಬಾಯಿಂದ ಬಂದ ಉಪಮೆಯನ್ನೇ ಬರೆದುಕೊಳ್ಳಿ, ಈ ವಾರವೇ.