ಆಟಕ್ಕೇಕೆ ನೆಪ?

ಎಪ್ಪತ್ತರ ಆಸುಪಾಸಿನ ಹತ್ತು ಹನ್ನೆರಡು ಮಂದಿ ಗಂಡಸರು ಒಂದು ಹಾಲಿನಲ್ಲಿ ಸೇರಿಕೊಂಡು, ಗೇಣುದ್ದದ ರೈಲು ಎಂಜಿನ್ನುಗಳನ್ನು ಓಡಿಸುತ್ತಾ, ಒಬ್ಬರನ್ನೊಬ್ಬರು ಕಿಚಾಯಿಸುತ್ತಾ ಇಡೀ ಮಧ್ಯಾಹ್ನ ಕಳೆದದ್ದನ್ನು ನಾನು ಕಣ್ಣಾರೆ ಕಂಡು ಬಂದವಳು. ಊರಿಗೆ ಮರಳಿದ ಮೇಲೆ ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇವರೇ ಆಡ್ತಾರಾ? ನಮಗಂತೂ ಉಸಿರು ಬಿಡೋಕೂ ಪುರುಸೊತ್ತಿಲ್ಲಮ್ಮ" ಎಂದರು ಸಮಾಜ ಪಾಠದ ಮೇಡಂ. ಪುರುಸೊತ್ತಿಲ್ಲ ಎನ್ನುವಾಗ ಅವರ ಮುಖ ಹೆಮ್ಮೆಯಿಂದ ಅರಳಿತ್ತು. ನಾನೂ ನಕ್ಕೆ. ಆದರೆ ಸಂಜೆ ಮನೆಯಲ್ಲಿ ಕುಕ್ಕರ್ ಇಡುವಾಗ ಆ ಹೆಮ್ಮೆ ನೆನಪಾಗಿ ಮುಳ್ಳಿನಂತೆ ಚುಚ್ಚತೊಡಗಿತು. ಪುರುಸೊತ್ತಿಲ್ಲದಿರುವುದೇ ಹೆಣ್ಣಿಗೆ ಭೂಷಣ ಎಂದು ನಮಗೆ ಹೇಳಿಕೊಟ್ಟವರು ಯಾರು?

ವಿಷಯ ಇಷ್ಟು. 2022ರ ಡಿಸೆಂಬರಿನಲ್ಲಿ ಇದ್ದಬದ್ದ ರಜೆಯನ್ನೆಲ್ಲ ಗುಡ್ಡೆ ಹಾಕಿಕೊಂಡು ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಡರ್ಬಿಗೆ ಹೋಗಿದ್ದೆ. ಹತ್ತೊಂಬತ್ತನೇ ಶತಮಾನದಿಂದಲೂ ರೈಲು ಎಂಜಿನ್ನು, ಬೋಗಿಗಳನ್ನು ಕಟ್ಟುತ್ತ ಬಂದ ಊರು ಅದು. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಶುಂಠಿ, ಮೆಣಸು, ಎಣ್ಣೆಸ್ನಾನ, ಮಗುವಿನ ಬಟ್ಟೆ, ಇಷ್ಟೇ ನನ್ನ ಇಂಗ್ಲೆಂಡ್. ಕ್ರಿಸ್‌ಮಸ್‌ಗೆ ಒಂದು ವಾರ ಮುಂಚಿನ ಶನಿವಾರ ಅಳಿಯಂದಿರು ಹೇಳಿದರು: "ಅತ್ತೆ, ನೀವು ಬಂದಾಗಿನಿಂದ ಅಡುಗೆಮನೆ ಬಿಟ್ಟು ಏನೂ ನೋಡಿಲ್ಲ. ಪಕ್ಕದ ಮನೆ ಅಜ್ಜ ಕರೆದಿದ್ದಾರೆ, ಅವರ ರೈಲು ನೋಡೋಕೆ. ಒಂದು ಗಂಟೆ ಬನ್ನಿ." ಮಗಳೂ, "ಹೋಗಮ್ಮ, ಮಗು ಮಲಗಿದೆ" ಎಂದು ಕಳಿಸಿದಳು.

ನಡೆದು ಹೋಗುವಷ್ಟು ದೂರದಲ್ಲಿ ಚರ್ಚಿಗೆ ಸೇರಿದ ಒಂದು ಹಾಲು. ಒಳಗೆ ನಮ್ಮ ಮದುವೆ ಛತ್ರದ ಊಟದ ಮೇಜುಗಳನ್ನು ಸಾಲಾಗಿ ಜೋಡಿಸಿದಷ್ಟು ಉದ್ದಕ್ಕೆ ಒಂದು ಲೋಕವನ್ನೇ ಕಟ್ಟಿದ್ದರು. ಸ್ಟೇಷನ್ನು, ಸೇತುವೆ, ಗುಡ್ಡ, ಸುರಂಗ, ಹಿತ್ತಿಲಲ್ಲಿ ಬಟ್ಟೆ ಒಣಹಾಕಿದ ಮನೆಗಳು, ಇವುಗಳ ನಡುವೆ ಸುತ್ತುವ ರೈಲುಗಳು. ನಿಜವಾದ ಒಂದು ಅಡಿಗೆ ಇಲ್ಲಿ ನಾಲ್ಕು ಮಿಲಿಮೀಟರ್ ಲೆಕ್ಕ. ಎಂದರೆ ಎಲ್ಲವೂ 76ರಲ್ಲಿ ಒಂದು ಪಾಲು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಪ್ರಯಾಣಿಕ ಬೆರಳಿನ ಒಂದು ಗಿಣ್ಣಿನಷ್ಟು ಎತ್ತರ. ಇಂಥ ಆಟದ ರೈಲನ್ನು ಆ ದೇಶದ ಮನೆಮನೆಗೆ ತಲುಪಿಸಿದವರಲ್ಲಿ ಮುಖ್ಯನಾದವನು ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ. ಅವನ ಕಂಪನಿ 1920ರಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನು ಮಾರಲು ಶುರು ಮಾಡಿತು. ಅವನು ತೀರಿಕೊಂಡ ಮೇಲೆ 1938ರಲ್ಲಿ ಈ ಚಿಕ್ಕ ಅಳತೆಯದನ್ನು ತಂದಿತು. ಈ ಅಳತೆಯಲ್ಲಿ ಒಂದು ತಮಾಷೆ ಇದೆ. ಆ ಕಾಲದ ಮೋಟಾರು ಪುಟ್ಟ ಇಂಗ್ಲಿಷ್ ಎಂಜಿನ್ನಿನ ಹೊಟ್ಟೆಯಲ್ಲಿ ಹಿಡಿಯುತ್ತಿರಲಿಲ್ಲವಂತೆ. ಹಾಗಾಗಿ ಎಂಜಿನ್ನನ್ನು ಕೊಂಚ ದೊಡ್ಡದು ಮಾಡಿ ಹಳಿಯನ್ನು ಮಾತ್ರ ಹಳೆಯ ಅಗಲದಲ್ಲೇ ಬಿಟ್ಟರು. ರವಿಕೆಯ ಮೈಯನ್ನು ಅಕ್ಕನ ಅಳತೆಗೂ ತೋಳನ್ನು ತಂಗಿಯ ಅಳತೆಗೂ ಹೊಲಿದ ಹಾಗೆ! ಹಳಿಯ ಅಗಲ 18.83 ಮಿಲಿಮೀಟರ್ ಇರಬೇಕಾದದ್ದು 16.5 ಇದೆ.

ಈ ಎರಡು ಚಿಲ್ಲರೆ ಮಿಲಿಮೀಟರಿಗಾಗಿ ಆ ಹಾಲಿನಲ್ಲಿ ನಡೆದ ಜಗಳವನ್ನು ನೀವು ನೋಡಬೇಕಿತ್ತು. "ನಿಮ್ಮದು ರೈಲೇ ಅಲ್ಲ, ಟ್ರಾಮು" ಎಂದರು ಸರಿಯಾದ ಅಳತೆಯ ಹಳಿ ಹಾಕುವ ಒಬ್ಬರು. "ನಿನ್ನ ಹಳಿ ಸರಿಯಾಗಿದೆ ಮಾರಾಯ, ಅದರ ಮೇಲೆ ರೈಲು ಯಾವಾಗ ಬರುತ್ತೆ? ಹತ್ತು ವರ್ಷದಿಂದ ಹಳಿಯನ್ನೇ ಹಾಕ್ತಿದ್ದೀಯ" ಎಂದರು ಇನ್ನೊಬ್ಬರು. ಅಳಿಯಂದಿರು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಾ ಹೋದರು. ಒಂದು ರೈಲು ಸುರಂಗದಲ್ಲಿ ನಿಂತುಬಿಟ್ಟಿತು. "ಇದು ಬೇರೆ ಜಾತಿಯ ಹಿಮ!" ಎಂದು ಯಾರೋ ಕೂಗಿದರು. 1991ರ ಫೆಬ್ರುವರಿಯಲ್ಲಿ ಹಿಮ ಬಿದ್ದು ರೈಲುಗಳು ನಿಂತಾಗ, ಈ ಹಿಮವೇ ಬೇರೆ ತರಹದ್ದು ಎಂದು ರೈಲ್ವೆಯವರು ಕೊಟ್ಟ ಸಮಜಾಯಿಷಿಯನ್ನು ಆ ದೇಶದ ಜನ ಇನ್ನೂ ಮರೆತಿಲ್ಲ. "ಹಿಮ ಅಲ್ಲ, ಡ್ರೈವರ್ ಮುಷ್ಕರದಲ್ಲಿದ್ದಾನೆ" ಎಂದರು ಮತ್ತೊಬ್ಬರು. ಅಂದು ನಿಜಕ್ಕೂ ರೈಲ್ವೆ ಮುಷ್ಕರ. ಕ್ರಿಸ್‌ಮಸ್ ದಿನವಂತೂ ಆ ದೇಶದಲ್ಲಿ ರೈಲುಗಳು ಓಡುವುದೇ ಇಲ್ಲವೆನ್ನಬಹುದು. "ಆವತ್ತು ಸಮಯಕ್ಕೆ ಸರಿಯಾಗಿ ಓಡೋದು ನಮ್ಮ ಅಟ್ಟದ ಮೇಲಿನ ರೈಲು ಮಾತ್ರ" ಎಂದು ಪಕ್ಕದ ಮನೆ ಅಜ್ಜ ಮೀಸೆ ತಿರುವಿದರು.

ಇವರಲ್ಲಿ ಕೆಲವರಿಗೆ 'ರಿವಿಟ್ ಎಣಿಸುವವರು' ಎಂದು ಅಡ್ಡಹೆಸರು. ಎಂಜಿನ್ನಿನ ಮೈಮೇಲಿನ ಒಂದು ರಿವಿಟ್ ಕಡಿಮೆಯಿದ್ದರೂ ತಪ್ಪು ಹಿಡಿಯುವವರು. ಅವರ ಬಾಯಿ ಮುಚ್ಚಿಸಲು ಉಳಿದವರ ಬಳಿ ಒಂದು ಬ್ರಹ್ಮಾಸ್ತ್ರವಿದೆ. ಅದನ್ನು 'ಒಂದನೇ ನಿಯಮ' ಎನ್ನುತ್ತಾರೆ. "ಇದು ನನ್ನ ರೈಲು, ನನಗೆ ಬೇಕಾದ್ದನ್ನ ಓಡಿಸ್ತೀನಿ." ಅಷ್ಟೆ. ಎರಡನೆಯ ನಿಯಮದ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಆ ಮಾತು ಬಂತು. ಒಬ್ಬರು ಹೊಸ ಎಂಜಿನ್ನಿನ ಪೆಟ್ಟಿಗೆ ಬಿಚ್ಚಿದರು. "ಹೆಂಡತಿಗೆ ಎಷ್ಟು ಅಂತ ಹೇಳಿದೆ?" ಎಂದು ಕೇಳಿದರು ಗೆಳೆಯರು. "ಅರ್ಧ ಬೆಲೆ ಹೇಳಿದೀನಿ. ನನಗಿರೋ ಭಯ ಒಂದೇ. ನಾನು ಸತ್ತ ಮೇಲೆ ಆ ಬೆಲೆಗೇ ಮಾರಿಬಿಡ್ತಾಳೇನೋ ಅಂತ!" ಇದು ಅವರ ವಲಯದಲ್ಲಿ ಸವೆದು ಹೋದ ನಾಣ್ಯ, ಆದರೂ ಹಾಲೆಲ್ಲ ನಕ್ಕಿತು. ಮೂಲೆಯಲ್ಲಿ ಚಹಾ ಬಗ್ಗಿಸುತ್ತಿದ್ದ ಹೆಂಗಸರೂ ನಕ್ಕರು. ನಾನೂ ನಕ್ಕೆ, ಯಾಕೆಂದರೆ ಸೀರೆಯ ಬೆಲೆಯನ್ನು ಯಜಮಾನರಿಗೆ ಅರ್ಧ ಹೇಳಿದ ಪಾಪ ನನ್ನ ಖಾತೆಯಲ್ಲೂ ಇದೆ. ಆದರೆ ಸ್ವಲ್ಪ ಯೋಚಿಸಿ. ನಾನು ಸುಳ್ಳು ಹೇಳಿದ ಸೀರೆಯನ್ನು ಉಟ್ಟು ಹೋದದ್ದು ನಾದಿನಿಯ ಮಗನ ಮದುವೆಗೆ. ಅದೂ ಮನೆತನದ ಮರ್ಯಾದೆಯ ಲೆಕ್ಕವೇ ಹೊರತು ಆಟವಲ್ಲ. ಆತ ಸುಳ್ಳು ಹೇಳಿದ್ದು ಶುದ್ಧ ಆಟಕ್ಕೆ. ಈ ಹಾಸ್ಯದಲ್ಲಿ ಗಂಡ ಯಾವಾಗಲೂ ತುಂಟ ಹುಡುಗ, ಹೆಂಡತಿ ಯಾವಾಗಲೂ ಬೆತ್ತ ಹಿಡಿದ ಮೇಡಂ. ಮೂವತ್ತು ವರ್ಷ ಬೆತ್ತ ಹಿಡಿದವಳಾಗಿ ಹೇಳುತ್ತೇನೆ, ಆ ಪಾತ್ರದಲ್ಲಿ ಸುಖವಿಲ್ಲ.

ಹೆಂಗಸರು ಅಲ್ಲಿ ಆಡುತ್ತಲೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ನಲವತ್ತರ ಒಬ್ಬಾಕೆ ಸಿಗ್ನಲ್ ಕಂಬಗಳನ್ನು ಮಾಡಿ ತಂದಿದ್ದಳು; ರಿವಿಟ್ ಎಣಿಸುವವರೇ ಬೆರಗಾಗಿದ್ದರು. ಆದರೆ ಉಳಿದ ನಾಲ್ವರು ಚಹಾದ ಮೇಜಿನ ಹಿಂದೆಯೇ ಇದ್ದರು. ಒಣದ್ರಾಕ್ಷಿಯ ಹೂರಣವಿಟ್ಟ ಮಿನ್ಸ್ ಪೈ ಎಂಬ ತಿಂಡಿಯನ್ನು ಕೈಗಿಟ್ಟ ಒಬ್ಬ ಅಜ್ಜಿಯನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ, "ನಿಮ್ಮ ರೈಲು ಯಾವುದು?" ಆಕೆ ಅಚ್ಚರಿಯಿಂದ ನೋಡಿ, "ನಾನು ಚಹಾ ನೋಡಿಕೊಳ್ಳುತ್ತೇನೆ" ಎಂದಳು. ಸ್ಟಾಫ್ ರೂಮಿನ ಹೆಮ್ಮೆಯನ್ನು ನಾನು ಮೊದಲು ಕಂಡದ್ದು ಆಕೆಯ ಮುಖದಲ್ಲೇ ಇರಬೇಕು. ಥಾಮಸ್ ಎಂಬ ರೈಲು ಎಂಜಿನ್ನಿನ ಕತೆಗಳನ್ನು ನಮ್ಮ ಮೊಮ್ಮಕ್ಕಳೂ ನೋಡುತ್ತವೆ. ಆಡ್ರಿ ಎಂಬ ಪಾದ್ರಿ ದಡಾರ ಬಂದು ಮಲಗಿದ್ದ ಮಗನಿಗೆ ಹೇಳಿದ ರೈಲಿನ ಕತೆಗಳೇ ಆ ಸರಣಿಗೆ ಮೂಲ. ಮೊದಲ ಪುಸ್ತಕ ಬಂದದ್ದು 1945ರಲ್ಲಿ. ಅವನ್ನು ಅಚ್ಚು ಹಾಕಿಸಲೇಬೇಕೆಂದು ಬೆನ್ನು ಹತ್ತಿದವಳು ಹೆಂಡತಿ ಮಾರ್ಗರೆಟ್. ಅಲ್ಲೂ ರೈಲು ಗಂಡನದು, ನೂಕಿದವಳು ಹೆಂಡತಿ.

ಇಷ್ಟು ಹೇಳಿದೆನೆಂದು ಆ ಮುದುಕರ ಮೇಲೆ ನನಗೆ ಸಿಟ್ಟಿದೆ ಎಂದುಕೊಳ್ಳಬೇಡಿ. ಮೂಲೆಯಲ್ಲಿ ಒಬ್ಬರು ತಲೆ ತಗ್ಗಿಸಿ ಹಸಿರು ಗುಡ್ಡದ ಮೇಲೆ ಬಿಳಿಯ ಪುಡಿಯನ್ನು ಜರಡಿ ಹಿಡಿಯುತ್ತಿದ್ದರು. ಬರುವಾಗ ಅಳಿಯಂದಿರು ಹೇಳಿದರು: ಅವರ ಹೆಂಡತಿ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಬಾಗಿಲು ಹಾಕಿಕೊಂಡು ಕೂತವರನ್ನು ಗೆಳೆಯರು ಹೋಗಿ ಎಳೆದು ತಂದು, "ಈ ಸಲದ ಹಿಮದ ಜವಾಬ್ದಾರಿ ನಿಂದು" ಎಂದು ಜರಡಿ ಕೈಗೆ ಕೊಟ್ಟಿದ್ದರು. ಯಾರೂ ಸಾಂತ್ವನದ ಮಾತಾಡಲಿಲ್ಲ. "ಅಷ್ಟೊಂದು ಸುರೀಬೇಡ, ಇದು ಡರ್ಬಿ, ರಷ್ಯಾ ಅಲ್ಲ" ಎಂದು ಬೈದರು. ಅವರು ಸಣ್ಣಗೆ ನಕ್ಕು ಇನ್ನೊಂದು ಹಿಡಿ ಸುರಿದರು.

ಆ ಚಳಿಯಲ್ಲಿ ಮನೆಗೆ ನಡೆಯುತ್ತಿರುವಾಗ ನನಗೆ ಅಮ್ಮ ನೆನಪಾದಳು.

ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಮೀಟರ್ ಗೇಜಿನ ಉಗಿಬಂಡಿಗಳ ಕೂಗಿಗೇ ನಮ್ಮ ಓಣಿ ಏಳುತ್ತಿತ್ತು, ಮಲಗುತ್ತಿತ್ತು. ನವರಾತ್ರಿ ಬಂದರೆ ಅಮ್ಮ ಗೊಂಬೆ ಕೂರಿಸುತ್ತಿದ್ದಳು. ಪಟ್ಟದ ಗೊಂಬೆ, ಶೆಟ್ಟಿ ದಂಪತಿಯ ಅಂಗಡಿ ಎಲ್ಲರ ಮನೆಯಲ್ಲೂ ಇರುತ್ತಿದ್ದವು. ಅಮ್ಮನ ಜೀವವಿದ್ದದ್ದು ಕೆಳಗಿನ ಊರಿನಲ್ಲಿ. ವಾರ ಮೊದಲೇ ರಾಗಿ ಚೆಲ್ಲಿ ಪೈರು ಬರಿಸುವಳು, ಕನ್ನಡಿ ಕೆರೆಯಾಗುತ್ತಿತ್ತು, ಗೋಣಿತಾಟಿಗೆ ಕೆಮ್ಮಣ್ಣು ಬಳಿದರೆ ಗುಡ್ಡ. ಅದರೊಳಗೆ ಸುರಂಗ, ಸುರಂಗದೊಳಗಿಂದ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು. ಓಣಿಯ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದವರು, "ರೀ, ನಿಮ್ಮ ರೈಲು ದೇವಸ್ಥಾನದೊಳಕ್ಕೇ ನುಗ್ತಿದೆಯಲ್ರೀ" ಎಂದರೆ ಅಮ್ಮ, "ದರ್ಶನ ಮಾಡ್ಕೊಂಡು ಬರುತ್ತೆ ಬಿಡ್ರೀ" ಎನ್ನುವಳು. ಡರ್ಬಿಯ ಹಾಲಿನಲ್ಲಿ ಕೇಳಿದ್ದು ಇದೇ ಮಾತು, ಇದೇ ನಗು.

1984ರಲ್ಲಿ ಅಪ್ಪ ಹೋದರು. ನಾನಾಗ ಎಸ್‌ಎಸ್‌ಎಲ್‌ಸಿ, ಅಮ್ಮನಿಗೆ ನಲವತ್ತೊಂದು. ಮರುವರ್ಷ ಗೊಂಬೆ ಪೆಟ್ಟಿಗೆಯ ಹತ್ತಿರ ಹೋದ ನನಗೆ ಮನೆಯ ಹಿರಿಯರೊಬ್ಬರು ಹೇಳಿದರು: "ಇನ್ನು ಗೊಂಬೆ ಯಾಕೆ? ಮುತ್ತೈದೆಯರನ್ನ ಕರೆಯೋ ಮನೆಯೇನು ಇದು?" ಅಮ್ಮ ಮಾತಾಡಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು. ಡರ್ಬಿಯ ಆ ಮುದುಕರಿಗೆ ಹೆಂಡತಿ ಹೋದಾಗ ಗೆಳೆಯರು ಆಟವನ್ನು ಕೈಗಿಟ್ಟರು. ನನ್ನಮ್ಮನಿಗೆ ಗಂಡ ಹೋದಾಗ ಬಂಧುಗಳು ಆಟವನ್ನೂ ಕಿತ್ತುಕೊಂಡರು.

ನಾನು ವಾದ ಹೂಡುತ್ತಿರುವುದು ಇಲ್ಲಿ. ನಮ್ಮ ಹೆಣ್ಣುಮಕ್ಕಳಿಗೆ ಆಡಲು ಯಾವಾಗಲೂ ಒಂದು ನೆಪ ಬೇಕು. ಗೊಂಬೆಗೆ ದೇವರ ನೆಪ, ರಂಗೋಲಿಗೆ ಮಂಗಳದ ನೆಪ, ಕಸೂತಿಗೆ ದಿಂಬಿನ ಚೀಲದ ನೆಪ, ಕುಂಟೆಬಿಲ್ಲೆಗೆ ಮಗುವನ್ನು ಆಡಿಸುವ ನೆಪ. ನೆಪವಿಲ್ಲದೆ ಒಂದು ಕಾದಂಬರಿ ಹಿಡಿದು ಕೂತರೆ ಅತ್ತೆಯ ಹೆಜ್ಜೆ ಸಪ್ಪಳಕ್ಕೆ ಪುಸ್ತಕ ಮಗುಚುತ್ತೇವೆ. ನೆಪದ ಮೇಲೆ ನಿಂತ ಆಟದ ಗತಿ ಏನು? ನೆಪ ಹೋದ ದಿನ ಆಟವೂ ಹೋಗುತ್ತದೆ. ಗಂಡಸರಿಗೂ ನೆಪಗಳಿವೆ, ಇಲ್ಲವೆನ್ನುವುದಿಲ್ಲ. ಪಕ್ಕದ ಮನೆ ಅಜ್ಜ ಪ್ರತಿ ಕ್ರಿಸ್‌ಮಸ್ಸಿಗೂ ಎಂಜಿನ್ ಕೊಳ್ಳುವುದು ಮೊಮ್ಮಗನಿಗಂತೆ, ಆ ಮೊಮ್ಮಗ ಮುಟ್ಟಲು ಹೋದರೆ "ಏಯ್, ಮುಟ್ಟಬೇಡ!" ಆದರೆ ನೆಪ ಬಯಲಾದರೂ ಅವರ ರೈಲು ನಿಲ್ಲುವುದಿಲ್ಲ. ಒಂದನೇ ನಿಯಮವಿದೆಯಲ್ಲ.

"ನಿಮಗೇನು, ಸಂಬಳ ಬರುತ್ತೆ. ಕೂಲಿ ಮಾಡೋ ಹೆಂಗಸಿಗೆ ಆಟಕ್ಕೆ ಹೊತ್ತೆಲ್ಲಿ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಆದರೆ ಹೊತ್ತು ಆಕಾಶದಿಂದ ಉದುರುವುದಿಲ್ಲ. ಆ ಹಾಲಿನ ಗಂಡಸರಿಗೆ ಹೊತ್ತು ಸಿಕ್ಕಿದ್ದು ಚಹಾ ಬೇರೆಯವರು ಬಗ್ಗಿಸಿದ್ದರಿಂದ. ವಾರಕ್ಕೊಂದು ಸಂಜೆ ಅವರು ಚಹಾ ಬಗ್ಗಿಸಲಿ, ಕೂಲಿಯವಳ ಗಂಡ ಒಲೆ ಹಚ್ಚಲಿ, ಆಗ ಹೊತ್ತು ತಾನಾಗಿ ಹುಟ್ಟುತ್ತದೆ. ದುಡ್ಡಿನ ಮಾತೂ ಬೇಡ. ನಮ್ಮ ಹಳ್ಳಿಯ ಜಗಲಿಗಳಲ್ಲಿ ಹುಣಿಸೆ ಬೀಜದಲ್ಲೇ ಅಳಿಗುಳಿ ಮಣೆ, ಚೌಕಾಬಾರ ಆಡಿ ಗೆದ್ದವರು ಸೋತವರನ್ನು ವರ್ಷವೆಲ್ಲ ಹಂಗಿಸಿದ್ದಾರೆ.

ತಪ್ಪು ನನ್ನದೂ ಇದೆ. ಪೋರ್ಷನ್ ಮುಗಿದಿಲ್ಲವೆಂದು ಆಟದ ಪೀರಿಯಡ್ಡನ್ನು ಎಷ್ಟು ವರ್ಷ ಕಸಿದುಕೊಂಡಿದ್ದೇನೋ. ಹುಡುಗರು ಗೊಣಗುತ್ತಿದ್ದರು. ಹುಡುಗಿಯರು ಮಾತಿಲ್ಲದೆ ಪುಸ್ತಕ ತೆಗೆಯುತ್ತಿದ್ದರು. ಅದನ್ನು ನಾನು ಶಿಸ್ತು ಎಂದು ಹೊಗಳುತ್ತಿದ್ದೆ! ಡರ್ಬಿಯಿಂದ ಬಂದ ಮೇಲೆ ಆ ಪೀರಿಯಡ್ಡನ್ನು ಮುಟ್ಟಿಲ್ಲ.

2023ರ ನವರಾತ್ರಿಗೆ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಎಂಬತ್ತರ ಅಮ್ಮ, "ಬೇಡ ಕಣೇ, ನೋಡಿದವರು ಏನಂದಾರು?" ಎಂದಳು. "ಇದು ನಮ್ಮ ರೈಲು, ನಮಗೆ ಬೇಕಾದಾಗ ಓಡಿಸ್ತೀವಿ ಅಂತ ಹೇಳು" ಎಂದೆ. ಓಣಿಯಲ್ಲಿ ಒಬ್ಬಿಬ್ಬರು ಮುಖ ಸಿಂಡರಿಸಿದರು. ಕರೆದವರಲ್ಲಿ ಅರ್ಧದಷ್ಟು ಮಂದಿ ಬಂದರು. ತಗಡಿನ ರೈಲಿನ ಕೀಲಿ ತುಕ್ಕು ಹಿಡಿದು ತಿರುಗಲೇ ಇಲ್ಲ. ಅದನ್ನು ಹಾಗೆಯೇ ಸುರಂಗದ ಬಾಯಲ್ಲಿ ನಿಲ್ಲಿಸಿದೆ. ಅಮ್ಮ ಕುರ್ಚಿಯಲ್ಲಿ ಕೂತು ನನ್ನ ಊರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿ ಬಿಟ್ಟಳು.

"ಬಿ.ಎ., ಬಿ.ಎಡ್. ಓದಿ ಏನು ಬಂತೇ? ಕೆರೇನ ಊರಿಗಿಂತ ಎತ್ತರದಲ್ಲಿಟ್ಟು ಏರಿ ಕಟ್ಟೋದೇ ಮರೆತಿದ್ದೀಯ. ರಾತ್ರಿ ಶೆಟ್ಟಿ ಅಂಗಡಿ ಮುಳುಗುತ್ತೆ. ಸರಿ, ಆ ಮಣ್ಣಿನ ಬಟ್ಟಲು ಇಲ್ಲಿ ಕೊಡು."