ಒಂದು ಸೀರೆಯ ಚಿತ್ರ ಮತ್ತು ಮೂರು ದಿನಗಳ ಮೌನ

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟೋ ವರ್ಷ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಕೇಳಿದವನು ನಾನು. ಅದರ ಅರ್ಥ ನನಗೆ ನಿಜವಾಗಿ ತಿಳಿದದ್ದು ನಿವೃತ್ತನಾದ ಮೇಲೆ, 2024ರ ದಸರೆಯ ಮುನ್ನಾ ದಿನಗಳಲ್ಲಿ. ಹೇಳಿಕೊಳ್ಳಲು ಸಂಕೋಚವಾಗುವ ಸಂಗತಿ. ಸಂಕೋಚವೇ ಈ ಲೇಖನದ ವಿಷಯವೂ ಆಗಿರುವುದರಿಂದ ಹೇಳಿಬಿಡುತ್ತೇನೆ.

ನನ್ನ ಶ್ರೀಮತಿಯವರ ತಾಯಿ ಜೀವನವಿಡೀ ಇಳಕಲ್ ಸೀರೆಯನ್ನೇ ಉಟ್ಟವರು. ಅಂಥದೊಂದು ಸೀರೆ ಬೇಕೆಂದು ಇವರು ಬಹಳ ದಿನಗಳಿಂದ ಹೇಳುತ್ತಿದ್ದರು. ಒಂದು ಸಂಜೆ ಮೊಬೈಲಿನಲ್ಲಿ ಜಾಹೀರಾತು ಕಾಣಿಸಿತು. ಕೆಂಪು ಟೋಪುತೆನೆ ಸೆರಗು, ಗೋಮಿ ದಡಿ, ಬೆಲೆ ಕೇವಲ 799 ರೂಪಾಯಿ. ಪಕ್ಕದಲ್ಲಿ ಗಡಿಯಾರವೊಂದು ಓಡುತ್ತಿತ್ತು: ಇನ್ನು ಹತ್ತು ನಿಮಿಷ, ಎರಡೇ ಸೀರೆ ಬಾಕಿ. ನಾನು ಹಣ ಕಳಿಸಿಬಿಟ್ಟೆ. ಇಳಕಲ್ ಸೀರೆಯ ಒಡಲು ಮತ್ತು ಸೆರಗುಗಳನ್ನು ಬೇರೆ ಬೇರೆ ಹಾಸಿನಲ್ಲಿ ಮಾಡಿ, ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅಷ್ಟು ಕೈಕೆಲಸದ ರೇಷ್ಮೆ ಸೆರಗಿನ ಸೀರೆ ಆ ಬೆಲೆಗೆ ಹೇಗೆ ಬಂದೀತು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಬಂದದ್ದು ಪಾಲಿಯೆಸ್ಟರ್ ಬಟ್ಟೆಯ ಮೇಲೆ ದಡಿ, ಸೆರಗುಗಳನ್ನು ಅಚ್ಚೊತ್ತಿದ ಒಂದು ತುಂಡು. ಅಲ್ಲಿಗೆ ಸುಮ್ಮನಾಗಿದ್ದರೆ 799 ರೂಪಾಯಿಗೆ ಮುಗಿಯುತ್ತಿತ್ತು. ನಾನು ಇಂಟರ್‌ನೆಟ್ಟಿನಲ್ಲಿ ಗ್ರಾಹಕ ಸೇವೆಯ ಸಂಖ್ಯೆಯನ್ನು ಹುಡುಕಿ, ಮೊದಲು ಕಂಡದ್ದಕ್ಕೆ ಫೋನ್ ಮಾಡಿದೆ. ಎತ್ತಿಕೊಂಡವನ ಕನ್ನಡ ಶುದ್ಧವಾಗಿತ್ತು, ಮಾತಿನಲ್ಲಿ ವಿನಯವಿತ್ತು. "ಹಣ ವಾಪಸು ಬರುತ್ತದೆ ಸರ್, ನಾನು ಹೇಳುವ ಖಾತೆಯನ್ನು ತೆರೆದು ಮರುಪಾವತಿಯ ಕೋಡ್ 18437 ಒತ್ತಿ, ಆಮೇಲೆ ನಿಮ್ಮ ಪಿನ್ ಒತ್ತಿ" ಎಂದ. ಒತ್ತಿದೆ. ಅದು ಕೋಡ್ ಆಗಿರಲಿಲ್ಲ. ಮೊತ್ತದ ಚೌಕದಲ್ಲಿ ನನ್ನ ಕೈಯಾರೆ ಬರೆದ ಹದಿನೆಂಟು ಸಾವಿರದ ನಾಲ್ಕುನೂರ ಮೂವತ್ತೇಳು ರೂಪಾಯಿ.

ನಾನು ಮಾಡಿದ ದೊಡ್ಡ ತಪ್ಪು ಇನ್ನೂ ಮುಂದಿದೆ. ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ಹೀಗೆ ಮೋಸಹೋದೆನೆಂದರೆ ಮಗ ಏನೆಂದಾನು, ಸೊಸೆ ಏನೆಂದುಕೊಂಡಾಳು ಎಂಬ ಲಜ್ಜೆ. ನಾಲ್ಕನೆಯ ದಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು ಬೈಯಲಿಲ್ಲ, ನಗಲಿಲ್ಲ. "ಮೂರು ದಿನ ಯಾಕ ಸುಮ್ಮ ಕುಂತ್ರಿ, ಸರ್?" ಎಂದಷ್ಟೇ ಕೇಳಿ, ಅಲ್ಲಿಯೇ ಕೂತು 1930ಕ್ಕೆ ಫೋನ್ ಮಾಡಿಸಿದ. ಆ ಹೊತ್ತಿಗೆ ಹಣ ಆ ಖಾತೆಯಿಂದ ಬೇರೆಡೆಗೆ ಹೋಗಿಯಾಗಿತ್ತು. ಮರಳಿ ಬರಲಿಲ್ಲ.

ಸೈಬರ್ ವಂಚನೆಯ ದೂರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ ಈ 1930. ದೂರು ದಾಖಲಾದೊಡನೆ ಸಂಬಂಧಪಟ್ಟ ಬ್ಯಾಂಕುಗಳಿಗೆ ಸೂಚನೆ ಹೋಗಿ, ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಾಧ್ಯ. ಕಳ್ಳನಾದರೋ ಆ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುತ್ತಾನೆ. ಆದ್ದರಿಂದ ಇಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯೂ ಇದನ್ನೇ ಸಾರಿತ್ತು. ಗ್ರಾಹಕನ ಅಜಾಗರೂಕತೆಯಿಂದ ಹಣ ಹೋದರೆ, ಅವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹೀಗಿರುವಾಗ ನಮ್ಮ ಲಜ್ಜೆಯೇ ವಂಚಕನ ನಿಜವಾದ ಬಂಡವಾಳವೆಂಬುದು ನನ್ನ ದೃಢವಾದ ಅಭಿಪ್ರಾಯ.

ವಯಸ್ಸಾದವರಿಗೆ ಈ ಆನ್‌ಲೈನ್ ವ್ಯಾಪಾರವೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊಣಕಾಲು ನೋವಿನವರಿಗೆ ಔಷಧಿ, ಪುಸ್ತಕಗಳು ಬಾಗಿಲಿಗೆ ಬರುವುದು ಸಣ್ಣ ಉಪಕಾರವಲ್ಲ. ಸಂತೆಯಲ್ಲಿಯೂ ತಕ್ಕಡಿಯ ಮೋಸವಿತ್ತು. ಆದರೆ ಅಲ್ಲಿ ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದೆವು, ಅಂಗಡಿಯವನ ಮುಖ ಪರಿಚಿತವಾಗಿತ್ತು. ಇಲ್ಲಿ ಅವೆರಡೂ ಇಲ್ಲದಿರುವುದರಿಂದ ಆ ಕೆಲಸವನ್ನು ನಮ್ಮ ಕಣ್ಣೇ ಮಾಡಬೇಕು.

ಕಣ್ಣಿಗೆ ಕಾಣಬೇಕಾದದ್ದು ಏನು? 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಮಾರಾಟ ಮಾಡುವ ಸಂಸ್ಥೆ ತನ್ನ ಹೆಸರು, ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಪ್ರಕಟಿಸಲೇಬೇಕು. ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಾನು ಕೊಂಡ ಪುಟದಲ್ಲಿ ಒಂದು ವಾಟ್ಸಾಪ್ ಸಂಖ್ಯೆಯ ಹೊರತು ಏನೂ ಇರಲಿಲ್ಲ. ಆ ಓಡುವ ಗಡಿಯಾರಕ್ಕೂ ಹೆಸರುಂಟು. 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರವನ್ನು ಹುಟ್ಟಿಸುವುದು ಅವುಗಳಲ್ಲೊಂದು. ಅವಸರ ಕಂಡಲ್ಲಿ ಫೋನನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿಯುವುದು ನನ್ನ ಈಗಿನ ಅಭ್ಯಾಸ.

ಇನ್ನೆರಡು ಮಾತು. ಯುಪಿಐ ಪಿನ್ ನಮ್ಮ ಖಾತೆಯಿಂದ ಹಣ ಕೊಡಲು ಬೇಕು. ಹಣ ಪಡೆಯಲು ಅದು ಎಂದೂ ಬೇಕಿಲ್ಲ. ಈ ಒಂದು ವಾಕ್ಯ ತಿಳಿದಿದ್ದರೆ ನನ್ನ ಹಣ ಉಳಿಯುತ್ತಿತ್ತು. ಗ್ರಾಹಕ ಸೇವೆಯ ಸಂಖ್ಯೆಯನ್ನು ಕಂಡಕಂಡಲ್ಲಿ ಹುಡುಕದೆ, ಕೊಂಡ ಆ್ಯಪಿನ ಒಳಗಿನಿಂದಲೋ ಬ್ಯಾಂಕ್ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಬೇಕು. ವಸ್ತುವಿನ ಬಗೆಗಿನ ದೂರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಾನಂತೂ ಪಿಂಚಣಿಯ ಖಾತೆಯನ್ನು ಫೋನಿನಿಂದ ಬಿಡಿಸಿ, ಖರೀದಿಗೆಂದೇ ಬೇರೊಂದು ಖಾತೆ ತೆರೆದು ಅದರಲ್ಲಿ ಎರಡು ಮೂರು ಸಾವಿರ ಮಾತ್ರ ಇಟ್ಟಿದ್ದೇನೆ.

ಅಂದು ಹೊರಡುವಾಗ ಆ ವಿದ್ಯಾರ್ಥಿ ಹೇಳಿದ: "ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ನೀವ ಹೇಳ್ತಿದ್ರಿ, ಸರ್." ಪ್ರಶ್ನೆಯನ್ನು ಅರ್ಧ ಓದಿ ಬರೆದದ್ದಕ್ಕೆ ಅವನನ್ನೇ ನಾನು ಒಮ್ಮೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನು ನನ್ನನ್ನು ನಿಲ್ಲಿಸಲಿಲ್ಲ, ಕೂರಿಸಿಕೊಂಡು ಸಹಾಯ ಮಾಡಿದ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಹೀಗೆ ಮೋಸಹೋಗಿ ಬಂದು ಹೇಳಿದರೆ, "ನಿಮಗೆ ಯಾರು ಹೇಳಿದ್ದು ಇದನ್ನೆಲ್ಲ ಮಾಡೋಕೆ" ಎನ್ನಬೇಡಿ. ಆ ಒಂದು ಮಾತಿನ ಭಯದಿಂದಲೇ ನಾವು ಮೂರು ದಿನ ಬಾಯಿ ಮುಚ್ಚಿಕೊಂಡಿರುತ್ತೇವೆ. ಮೊದಲು 1930ಕ್ಕೆ ಫೋನ್ ಮಾಡಿಸಿ, ಬುದ್ಧಿವಾದ ಆಮೇಲೆ ಇರಲಿ. ನನ್ನ ಓರಗೆಯವರೇ, ನೀವೂ ಅಷ್ಟೆ. ಹಣ ಹೋದ ಗಳಿಗೆಯಲ್ಲೇ ಹೇಳಿಬಿಡಿ. ಮೋಸ ಮಾಡಿದವನಿಗಿಲ್ಲದ ನಾಚಿಕೆ ಮೋಸಹೋದವರಿಗೆ ಏಕೆ?

ಆ ಬಟ್ಟೆಯನ್ನು ಶ್ರೀಮತಿಯವರು ಎಸೆಯಲಿಲ್ಲ. ಹೊಲಿದು ನಮ್ಮ ಕಂಪ್ಯೂಟರಿಗೆ ಹೊದಿಕೆ ಮಾಡಿದ್ದಾರೆ. ದಿನವೂ ಅದನ್ನು ಸರಿಸಿಯೇ ನಾನು ಬರೆಯಲು ಕೂರಬೇಕು.